ಐದನೆಯ ಅರ್ಥ

ನಿಘಂಟು ಕಚೇರಿಯಲ್ಲಿ ಅವಳಿಗೆ ಚೀಟಿಯಕ್ಕ ಎಂದು ಹೆಸರು. ಬಸ್ಸಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ತರಕಾರಿ ಅಂಗಡಿಯಲ್ಲಿ, ಎಲ್ಲಿ ಯಾರ ಬಾಯಿಂದ ಒಂದು ಇಂಗ್ಲಿಷ್ ಕ್ರಿಯಾಪದ ಉದುರಿದರೂ ಸಾಕು, ಅವಳ ಕೈಚೀಲದಿಂದ ಅಂಗೈಯಗಲದ ಚೀಟಿಯೊಂದು ಹೊರಗೆ ಬರುತ್ತಿತ್ತು. ಆಡಿದ ಮಾತು, ಆಡಿದವರು, ದಿನಾಂಕ, ಇಷ್ಟನ್ನು ಗೀಚಿಕೊಂಡ ಮೇಲೆಯೇ ಅವಳಿಗೆ ಸಮಾಧಾನ. ಸ್ವಂತ ತಮ್ಮನ ಹೆಂಡತಿಯ ಹೆರಿಗೆಯ ದಿನ ಒಳಗಿನಿಂದ ನರ್ಸಮ್ಮ ‘ಪುಷ್ ಮಾಡಮ್ಮಾ’ ಎಂದು ಕೂಗಿದ್ದನ್ನು ಬಾಗಿಲ ಹೊರಗೆ ನಿಂತು ಬರೆದುಕೊಂಡವಳು ಅವಳು. ಮಗು ಗಂಡೋ ಹೆಣ್ಣೋ ಎಂದು ಕೇಳಿದ್ದು ಆಮೇಲೆ.

ಕಚೇರಿ ತಯಾರಿಸುತ್ತಿದ್ದದ್ದು ನಮ್ಮ ಜನರ ಬಾಯಲ್ಲಿ ನಮ್ಮವೇ ಆಗಿಹೋಗಿರುವ ಇಂಗ್ಲಿಷ್ ಕ್ರಿಯಾಪದಗಳ ನಿಘಂಟು. ಹನ್ನೊಂದು ವರ್ಷ ದುಡಿದು ಇಂಗ್ಲಿಷಿನ ನಾಲ್ಕನೆಯ ಅಕ್ಷರಕ್ಕೆ ಬಂದು ನಿಂತಿದ್ದರು. ಇದೇ ವೇಗದಲ್ಲಿ ಹೋದರೆ ಕೊನೆಯ ಅಕ್ಷರ ಮುಟ್ಟುವ ಹೊತ್ತಿಗೆ ಜನ ಇನ್ನಾವುದೋ ಭಾಷೆಗೆ ದಾಟಿಬಿಟ್ಟಿರುತ್ತಾರೆ ಎಂದು ಕೆಳಗಿನ ಬೈಂಡಿಂಗ್ ವಿಭಾಗದವರು ನಗುತ್ತಿದ್ದರು. ನಗುವವರಿಗೇನು, ಅವರ ಕೆಲಸ ಅಂಟು ಒಣಗಿದರೆ ಮುಗಿಯಿತು. ಅಂತೂ ಮೊದಲ ಸಂಪುಟ ಆ ಶುಕ್ರವಾರ ಸಂಜೆ ಐದಕ್ಕೆ ಅಚ್ಚಿಗೆ ಹೋಗಬೇಕಾಗಿತ್ತು.

ಈ ಕಚೇರಿಗೆ ಮೂರು ಕಟ್ಟುನಿಟ್ಟಿನ ನಿಯಮಗಳಿದ್ದವು, ಮೂರನ್ನೂ ಬರೆದವಳು ಚೀಟಿಯಕ್ಕನೇ. ಹಿಂದೊಮ್ಮೆ ಒಬ್ಬ ಸಹಾಯಕ ತನ್ನ ಭಾವಮೈದುನನಿಗೆ ಕಾಫಿ ಕುಡಿಸಿ, ಬೇಕಾದ ವಾಕ್ಯವನ್ನು ಅವನ ಬಾಯಿಂದ ಹೇಳಿಸಿಕೊಂಡು ಬಂದಿದ್ದ. ಆಗ ಅವಳು ಬರೆದಳು: ಮಾತನ್ನು ಕೇಳಿಸಿಕೊಳ್ಳಬೇಕು, ಕೇಳಿ ಹೇಳಿಸಬಾರದು. ಇನ್ನೊಮ್ಮೆ ಯಾರೋ ಐವತ್ತು ವರ್ಷದ ಹಿಂದಿನ ಪತ್ರವೊಂದರಿಂದ ಉದಾಹರಣೆ ಎತ್ತಿದರು. ಆಗ ಬರೆದಳು: ಹತ್ತು ವರ್ಷದೊಳಗೆ ಯಾರಾದರೂ ಆಡಿರಬೇಕು. ಮೂರನೆಯದು ಬಂದದ್ದು ‘ಬ್ಲೀಡ್’ ಎಂಬ ಪದದಿಂದ. ಗಾಡಿ ರಿಪೇರಿಯವರು ಬ್ರೇಕ್ ಬ್ಲೀಡ್ ಮಾಡುತ್ತಾರಲ್ಲ, ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಬಿಡುವುದು, ಅದಕ್ಕೆ ಒಬ್ಬ ಪ್ರೊಫೆಸರರು ‘ಬ್ರೇಕಿನಿಂದಾಗಿ ರಕ್ತಗಾಯವಾಗು’ ಎಂದು ಮನೆಯಲ್ಲೇ ಕುಳಿತು ಅರ್ಥ ಬರೆದುಕೊಟ್ಟಿದ್ದರು. ಮಾದರಿ ಪುಟಗಳು ಹೊರಬಿದ್ದ ವಾರವೇ ಗ್ಯಾರೇಜೊಂದರಿಂದ ಹದಿನಾಲ್ಕು ಜನ ಸಹಿ ಹಾಕಿದ ಪತ್ರ ಬಂತು, ಅದರ ತುಂಬ ನಗುವೇ. ಅವತ್ತೇ ಚೀಟಿಯಕ್ಕ ಕೆಂಪು ಶಾಯಿಯಲ್ಲಿ ಬರೆದಳು: ಕಸುಬಿನ ಅರ್ಥವನ್ನು ಆ ಕಸುಬಿನವರೇ ಹೇಳಬೇಕು, ಅವರು ಆ ಕಸುಬಿನವರು ಎಂಬುದಕ್ಕೆ ಲಿಖಿತ ಪುರಾವೆ ಇರಬೇಕು.

ಇಷ್ಟೆಲ್ಲ ಬೇಲಿ ಹಾಕಿಟ್ಟ ಮೇಲೆ ಅವಳ ಪಾಲಿಗೆ ಬಂದದ್ದು ‘ಡಿಸ್ಟ್ರಿಬ್ಯೂಟ್’. ಹಂಚುವುದು. ಹೇಳುವುದಕ್ಕೆ ಒಂದೇ ಪದ, ಹಂಚುವ ಬಗೆ ಮಾತ್ರ ಹತ್ತಾರು. ನಾಲ್ಕು ಅರ್ಥಗಳಿಗೆ ಚೀಟಿ ಸಲೀಸಾಗಿ ಸಿಕ್ಕಿದ್ದವು. ಕೈಗೆ ಕೈಗೆ ಕೊಡುವುದಕ್ಕೆ ಕಚೇರಿಯ ಜವಾನನೇ ವಾಕ್ಯ ಕೊಟ್ಟಿದ್ದ: ‘ನೋಟೀಸು ಎಲ್ಲರಿಗೂ ಡಿಸ್ಟ್ರಿಬ್ಯೂಟ್ ಮಾಡಾಯ್ತು, ಓದಿದೋರು ಯಾರೂ ಇಲ್ಲ.’ ಭಾರ ಹರಡುವುದಕ್ಕೆ ಲಾರಿಗೆ ಮೂಟೆ ಹೇರುವವನು: ‘ಒಂದೇ ಕಡೆ ಒಟ್ಬೇಡ್ರೋ, ಡಿಸ್ಟ್ರಿಬ್ಯೂಟ್ ಆಗ್ಬೇಕು, ಇಲ್ದಿದ್ರೆ ತಿರುವಲ್ಲಿ ಮಲಗ್ಕೊಳ್ಳುತ್ತೆ.’ ಅಂಗಡಿಗಳಿಗೆ ಸರಕು ಮುಟ್ಟಿಸುವುದಕ್ಕೆ ಸೋಪಿನ ಏಜೆಂಟ. ಪಾಲು ಮಾಡುವುದಕ್ಕೆ ವಕೀಲರೊಬ್ಬರು, ಅವರು ಕೊಟ್ಟ ವಾಕ್ಯ ಮಾತ್ರ ಮುಕ್ಕಾಲು ಪುಟ ಬಂದು, ಒಂದು ಸಾಲಿಗೆ ಇಳಿಸಬೇಕಾಯಿತು.

ಐದನೆಯ ಅರ್ಥಕ್ಕೆ ಬಂದಾಗ ಗಾಡಿ ನಿಂತಿತು. ಸೀಸದ ಅಚ್ಚುಮೊಳೆಗಳಿದ್ದ ಕಾಲದ ಅರ್ಥ ಅದು. ಒಂದು ಪುಟ ಅಚ್ಚಾದ ಮೇಲೆ, ಕಟ್ಟಿದ ಮೊಳೆಗಳನ್ನು ತೊಳೆದು, ಬಿಚ್ಚಿ, ಒಂದೊಂದು ಅಕ್ಷರವನ್ನೂ ಓದಿ ಓದಿ ಅದರದರ ಮನೆಗೆ ಮತ್ತೆ ಹಾಕುವುದಕ್ಕೂ ಡಿಸ್ಟ್ರಿಬ್ಯೂಟ್ ಎಂದೇ ಹೇಳುತ್ತಿದ್ದರು. ಹಳೆಯ ಇಂಗ್ಲಿಷ್ ನಿಘಂಟುಗಳೆಲ್ಲದರಲ್ಲೂ ಇದೆ. ನಮ್ಮ ಬಾಯಲ್ಲಿ ಇತ್ತೆಂಬುದಕ್ಕೆ ಒಂದು ಚೀಟಿಯೂ ಇಲ್ಲ.

“ತೆಗೆದುಬಿಡಿ,” ಎಂದರು ಸಂಪಾದಕರು. ಕಚೇರಿಯಲ್ಲಿ ಇವರಿಗೆ ಕತ್ತರಿ ಸಾಹೇಬರೆಂದು ಹೆಸರು. ಕಡತವೇ ಬರಲಿ, ಕಾಫಿಯೇ ಬರಲಿ, ಅರ್ಧ ಮಾಡದೆ ಬಿಟ್ಟವರಲ್ಲ. “ಆ ಅರ್ಥ ಸತ್ತು ಎಷ್ಟು ಕಾಲವಾಯ್ತು. ಸತ್ತವರಿಗೆಲ್ಲ ಜಾಗ ಕೊಡ್ತಾ ಹೋದ್ರೆ ಬದುಕಿರೋರು ಎಲ್ಲಿ ನಿಲ್ಬೇಕು?”

“ನಮ್ಮಪ್ಪ ಕಂಪಾಸಿಟರ್ ಆಗಿದ್ರು ಸಾರ್. ಮೂವತ್ತೊಂದು ವರ್ಷ ಮೊಳೆ ಜೋಡಿಸಿದಾರೆ. ಬದುಕಿದಾರೆ.”

“ಹಾಗಾದ್ರೆ ಅವರ ಬಾಯಿಂದ ಒಂದು ವಾಕ್ಯ ತನ್ನಿ. ಕೇಳಿ ಹೇಳಿಸಬೇಡಿ ಮತ್ತೆ,” ಎಂದು ಸಾಹೇಬರು ಅವಳ ನಿಯಮವನ್ನು ಅವಳಿಗೇ ಬಡಿಸಿದರು. “ಶುಕ್ರವಾರ ಐದು ಗಂಟೆ.”

ಅವಳಿಗೆ ಅದು ಬರೀ ಒಂದು ಅರ್ಥವಾಗಿರಲಿಲ್ಲ. ಅಪ್ಪನ ಕೈಯಿಂದಾಗಿಯೇ ಅವಳಿಗೆ ಅಕ್ಷರದ ಹುಚ್ಚು ಹಿಡಿದದ್ದು. ಅಪ್ಪ ದುಡಿದ ಪ್ರೆಸ್ಸು ಮುಚ್ಚಿಹೋಗಿ, ಅಲ್ಲಿ ಈಗ ಚಪ್ಪಲಿ ಅಂಗಡಿ ಬಂದಿತ್ತು. ಆ ಮೂವತ್ತೊಂದು ವರ್ಷ ಎಲ್ಲಾದರೂ ಒಂದು ಸಾಲಾಗಿಯಾದರೂ ಉಳಿಯಬೇಕು, ಇಲ್ಲದಿದ್ದರೆ ತಾನು ಹನ್ನೊಂದು ವರ್ಷ ಚೀಟಿ ಆಯ್ದದ್ದೇ ದಂಡ ಎಂದು ಅವಳಿಗೆ ಅನ್ನಿಸಿಬಿಟ್ಟಿತು.

ಅಪ್ಪ ಅಮ್ಮ ಇದ್ದದ್ದು ತಮ್ಮನ ಮನೆಯಲ್ಲಿ, ಅವಳ ಮನೆಯಿಂದ ಎರಡೇ ಸ್ಟಾಪು. ತಮ್ಮ, ತಮ್ಮನ ಹೆಂಡತಿ ಕೆಲಸಕ್ಕೆ, ಮಗು ಶಾಲೆಗೆ ಬೆಳಿಗ್ಗೆ ಹೊರಟರೆ ಬರುವುದು ಸಂಜೆ. ಎರಡು ಸ್ಟಾಪಿನ ದೂರಕ್ಕೆ ಚೀಟಿಯಕ್ಕ ತಿಂಗಳಿಗೊಮ್ಮೆ ಬರುತ್ತಿದ್ದಳು, ಅದೂ ಚಪ್ಪಲಿ ಬಿಡುತ್ತಲೇ ಗಡಿಯಾರ ನೋಡುತ್ತ. ಆ ಸೋಮವಾರ ಮಧ್ಯಾಹ್ನ ಬಿಸ್ಕತ್ತಿನ ಪೊಟ್ಟಣ ಹಿಡಿದು ಬಂದು, ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿಯನ್ನು ಅಪ್ಪನ ಹತ್ತಿರ ಎಳೆದುಕೊಂಡು, “ಅಪ್ಪಾ, ನಿಮ್ಮ ಪ್ರೆಸ್ಸಿನ ಕಥೆ ಹೇಳಿ,” ಎಂದಳು.

ಎಂಬತ್ತಮೂರರ ಅಪ್ಪನಿಗೆ ಇದಕ್ಕಿಂತ ಬೇರೆ ಬೇಕೆ. ಕುರುಡ ಕೇಳಿದ್ದು ಒಂದು ಕಣ್ಣು, ದೇವರು ಕೊಟ್ಟದ್ದು ಎರಡು. ಗಂಟೆಗೆ ಎಷ್ಟು ಸಾಲು ಕೂರಿಸುತ್ತಿದ್ದೆ ಎಂಬಲ್ಲಿಂದ ಶುರುವಾಯಿತು. ಕೇಸಿನ ಕಡೆ, ಅಂದರೆ ಅಕ್ಷರದ ಮನೆಗಳಿರುವ ಮರದ ತಟ್ಟೆಯ ಕಡೆ, ತಾನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ, ಕೈ ತಾನಾಗಿಯೇ ಹೋಗಿ ಅಕ್ಷರ ಹೆಕ್ಕುತ್ತಿತ್ತಂತೆ. ಪ್ರೂಫ್ ನೋಡುವವನಿಗೆ ಹದ್ದು ಎಂದು ಹೆಸರಿಟ್ಟಿದ್ದರು. ಆ ಹದ್ದು ಕೂಡ ಅಪ್ಪನ ಪುಟ ಬಂದರೆ ಪೆನ್ನು ಮುಚ್ಚಿಟ್ಟು ಚಹಾ ಕುಡಿಯಲು ಹೋಗುತ್ತಿದ್ದನಂತೆ.

“ತಪ್ಪೇ ಇರ್ತಿರ್ಲಿಲ್ಲ ಕಣಮ್ಮ. ಕಟ್ಟಿದೆ, ಬಿಗಿದೆ, ಮೆಷಿನ್ನಿಗೆ ಹೋಯ್ತು, ಅಚ್ಚಾಯ್ತು. ಮಾರನೇ ದಿನ ಬೆಳಿಗ್ಗೆ ಮತ್ತೆ ಕೇಸಿನ ಮುಂದೆ.”

ಅವಳು ಚೀಟಿಯನ್ನು ಸೆರಗಿನ ಮರೆಯಲ್ಲಿ ಸಿದ್ಧವಾಗಿ ಹಿಡಿದುಕೊಂಡು, “ಅಚ್ಚಾದ ಮೇಲೆ?” ಎಂದಳು.

“ಅಚ್ಚಾದ ಮೇಲೇನು? ಮನೆಗೆ ಬಂದೆ.”

“ಅಲ್ಲಪ್ಪಾ, ಮೊಳೆಗಳು?”

“ಅವು ಎಲ್ಲಿಗೆ ಹೋಗ್ತವೆ, ಅಲ್ಲೇ ಇರ್ತಿದ್ವು.”

ಒಳಗಿನಿಂದ ಅಮ್ಮನ ದನಿ ಬಂತು. “ಅಲ್ಲೇ ಇರೋಕೆ ಅವೇನು ಕಲ್ಲು...”

“ಅಮ್ಮಾ, ಒಂದ್ನಿಮಿಷ. ಅಪ್ಪ ಮಾತಾಡ್ತಿದಾರೆ,” ಎಂದಳು ಚೀಟಿಯಕ್ಕ. ಅಡ್ಡ ಮಾತು ಬಂದರೆ ಉದಾಹರಣೆ ಕೆಡುತ್ತದೆ ಎಂಬುದು ಅವಳ ಅನುಭವ. ಅಮ್ಮ ಮತ್ತೆ ಬಟಾಣಿ ಬಿಡಿಸತೊಡಗಿದಳು.

ಮಂಗಳವಾರ ಅವಳೊಂದು ಹಂಚಿಕೆ ಹೂಡಿಕೊಂಡು ಬಂದಳು. ಮನೆಯ ಹೊಲಿಗೆ ಡಬ್ಬಿಯಲ್ಲಿದ್ದ ಗುಂಡಿಗಳನ್ನೆಲ್ಲ ಬೇಕೆಂದೇ ಕಲಸಿ ತಂದು ಅಪ್ಪನ ಮುಂದೆ ಸುರಿದಳು. ದೊಡ್ಡದು ಚಿಕ್ಕದು, ಎರಡು ತೂತಿನವು ನಾಲ್ಕು ತೂತಿನವು, ಕಪ್ಪು, ಬಿಳಿ, ಕಂದು. “ಅಪ್ಪಾ, ಇದನ್ನೆಲ್ಲ ಬೇರೆ ಬೇರೆ ಮಾಡ್ಬೇಕಲ್ಲ,” ಎಂದು ನಿಟ್ಟುಸಿರಿಟ್ಟಳು. ಇದನ್ನು ನೋಡಿದ ಕಂಪಾಸಿಟರನ ಬಾಯಿಂದ ಆ ಪದ ಬರದೆ ಇನ್ನೇನು ಬಂದೀತು ಎಂಬುದು ಅವಳ ಲೆಕ್ಕಾಚಾರ. ಅಪ್ಪ ಒಂದು ಗುಂಡಿ ಎತ್ತಿ ನೋಡಿ ಕೆಳಗಿಟ್ಟ.

“ನಿಮ್ಮಮ್ಮನಿಗೆ ಕೊಡು. ಇಂಥದ್ರಲ್ಲಿ ಅವಳ ಕೈ ಚುರುಕು.”

ಅಮ್ಮ ಬಂದು ನೆಲದ ಮೇಲೆ ಕುಳಿತಳು. ಎಡಗೈಯಲ್ಲಿ ಒಂದು ಹಿಡಿ ಗುಂಡಿ ತುಂಬಿಕೊಂಡು, ಬಲಗೈಯ ಎರಡು ಬೆರಳಲ್ಲಿ ಒಂದೊಂದನ್ನೇ ಸವರಿ, ಡಬ್ಬಿಯ ಮನೆಗಳಿಗೆ ಟಪಟಪ ಬೀಳಿಸಿದಳು. ನೋಡುತ್ತಿದ್ದದ್ದು ಗುಂಡಿಯನ್ನಲ್ಲ, ಮಗಳ ಮುಖವನ್ನು. “ಸೊರಗಿದೀಯ, ಸರಿಯಾಗಿ ಊಟ ಮಾಡ್ತೀಯೋ ಇಲ್ವೋ,” ಎಂದು ಕೇಳುವಷ್ಟರಲ್ಲಿ ನೆಲ ಖಾಲಿ. ಒಂದು ಗುಂಡಿಯೂ ತಪ್ಪು ಮನೆಗೆ ಬಿದ್ದಿರಲಿಲ್ಲ. ಪ್ರಯೋಗ ಹಾಳಾಯಿತೆಂದು ಚೀಟಿಯಕ್ಕನಿಗೆ ಅಮ್ಮನ ಮೇಲೆ ಒಳಗೊಳಗೇ ಸಿಟ್ಟು ಬಂತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದಳು ಎನ್ನುತ್ತಾರೆ. ಅಂಥವಳಿಗಾದರೂ ಕೂಸಿನ ಭಾರ ಗೊತ್ತಾಗುತ್ತಿತ್ತೇನೋ, ನಮ್ಮ ಚೀಟಿಯಕ್ಕನಿಗೆ ಅದೂ ಇಲ್ಲ.

ಬುಧವಾರ ಅಪ್ಪ ಹದ್ದಿನ ಕಥೆಯನ್ನೇ ಇನ್ನೊಮ್ಮೆ ಹೇಳಿದ. ಅಮ್ಮ ಚಹಾ ತಂದಿಟ್ಟು, “ಆ ಹದ್ದು ಒಂದ್ಸಲ ನನ್ನ ಹತ್ರ ಬಂದು...” ಎಂದು ಬಾಯಿ ತೆಗೆದಳು. “ಅಮ್ಮಾ, ಆಮೇಲೆ ಹೇಳು,” ಎಂದಳು ಮಗಳು. ಪ್ರೆಸ್ಸಿನ ಹದ್ದು ಅಮ್ಮನ ಹತ್ತಿರ ಯಾಕೆ ಬಂದ ಎಂಬ ಪ್ರಶ್ನೆ ಅವಳಿಗೆ ಹೊಳೆಯಲೇ ಇಲ್ಲ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಳ್ಳುವುದೆಂದರೆ ಇದೇ.

ಅವಳ ಮಟ್ಟಿಗೆ ಅಮ್ಮನಿಗೂ ಪ್ರೆಸ್ಸಿಗೂ ಇದ್ದ ಸಂಬಂಧ ಊಟದ ಡಬ್ಬಿ ಮಾತ್ರ. ಚಿಕ್ಕಂದಿನಲ್ಲಿ ಅಮ್ಮ ಹನ್ನೆರಡಕ್ಕೆ ಅಪ್ಪನಿಗೆ ಊಟ ಕೊಡಲು ಹೋದರೆ ವಾಪಸಾಗುತ್ತಿದ್ದದ್ದು ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ. ‘ಅಮ್ಮ ಡಬ್ಬಿ ಕೊಡೋಕೆ ಹೋದ್ರೆ ದಾರೀಲಿ ಸಿಕ್ಕಿದೋರಿಗೆಲ್ಲ ಮಾತು ಬಡಿಸಿಕೊಂಡೇ ಬರೋದು’ ಎಂದು ಅಕ್ಕ ತಮ್ಮ ಇಬ್ಬರೂ ಆಡಿಕೊಂಡು ನಕ್ಕಿದ್ದರು. ಆ ನಗುವಿಗೆ ಅಪ್ಪನೂ ಸೇರಿಕೊಳ್ಳುತ್ತಿದ್ದ. ಅಮ್ಮ ಮಾತ್ರ ಡಬ್ಬಿ ತೊಳೆಯಲು ಹೋಗುತ್ತಿದ್ದಳು.

ಗುರುವಾರ ಮೆಟ್ಟಿಲು ಇಳಿಯುವಾಗ ಕೆಳಗಿನ ಟೈಲರ್ ಹೊಲಿಗೆ ನಿಲ್ಲಿಸಿ, “ಏನಕ್ಕಾ, ದಿನಾ ಬರ್ತಿದೀರಂತೆ. ನಿಮ್ಮಪ್ಪ ಬೀದಿಗೆಲ್ಲ ಹೇಳ್ಕೊಂಡು ಬಂದ್ರು, ಮಗಳಿಗೆ ಈಗ ನಮ್ಮ ಬೆಲೆ ಗೊತ್ತಾಯ್ತು ಅಂತ,” ಎಂದ. ಅವಳಿಗೆ ಚುರುಕ್ಕೆಂದಿತು. ತಾನು ಬಂದದ್ದು ಅಪ್ಪನಿಗಲ್ಲ, ಒಂದು ಕ್ರಿಯಾಪದಕ್ಕೆ. ಆದರೆ ಮರುದಿನ ಶುಕ್ರವಾರ, ನಾಚಿಕೆಪಡುವುದಕ್ಕೆ ವ್ಯವಧಾನವಿರಲಿಲ್ಲ. ನಾಚಿಕೆಯನ್ನು ಶನಿವಾರಕ್ಕೆ ಮುಂದೂಡಿ ಬಸ್ಸು ಹತ್ತಿದಳು.

ಶುಕ್ರವಾರ ಅರ್ಧ ದಿನದ ರಜೆ ಹಾಕಿ ಹನ್ನೆರಡೂವರೆಗೇ ಬಂದಳು. ಎರಡರವರೆಗೆ ಕಾದಳು. ಅಪ್ಪ ಸೀಸದ ವಾಸನೆಯ ಬಗ್ಗೆ ಹೇಳಿದ, ಶಾಯಿಯ ಬಗ್ಗೆ ಹೇಳಿದ, ಪ್ರೆಸ್ಸಿನ ಯಜಮಾನರು ತನ್ನ ಭುಜ ತಟ್ಟಿದ ಬಗ್ಗೆ ಹೇಳಿದ. ಆ ಒಂದು ಪದ ಬಿಟ್ಟು ಇಂಗ್ಲಿಷಿನಲ್ಲಿ ಮಿಕ್ಕೆಲ್ಲ ಪದಗಳೂ ಬಂದು ಹೋದವು. ಕೊನೆಗೆ ಅವಳು ಸೋತು ಪೆನ್ನಿಗೆ ಮುಚ್ಚಳ ಹಾಕಿದಳು, ಚೀಟಿಯನ್ನು ಚೀಲದೊಳಗೆ ತಳ್ಳಿದಳು. ಅಮ್ಮ ಬಾಗಿಲ ಬಳಿ ಕುಳಿತು ಅಪ್ಪನ ವಾರದ ಮಾತ್ರೆಗಳನ್ನು ಏಳು ಮನೆಯ ಡಬ್ಬಿಗೆ ತುಂಬುತ್ತಿದ್ದಳು.

“ಯಜಮಾನರು ಎಲ್ಲರ ಮುಂದೇನೇ ಹೇಳಿದ್ರು,” ಎಂದು ಅಪ್ಪ ಮುಂದುವರಿಸಿದ. “ಮೂವತ್ತೊಂದು ವರ್ಷ, ಒಂದು ತಪ್ಪಿಲ್ಲ, ಇದು ಕೈಯಲ್ಲ ವರ ಅಂತ. ಒಂದು ತಪ್ಪಿಲ್ಲ!”

“ತಪ್ಪು ಹೆಂಗೆ ಬರುತ್ತೆ?” ಎಂದಳು ಅಮ್ಮ. ತಲೆ ಎತ್ತಲಿಲ್ಲ, ದನಿ ಮಾತ್ರ ಎತ್ತಿದ್ದಳು. “ದಿನಾ ಮಧ್ಯಾಹ್ನ ನಿಂತು ಡಿಸ್ಟ್ರಿಬ್ಯೂಟ್ ಮಾಡ್ತಿದ್ದೋಳು ನಾನು. ಒಂದೊಂದು ಅಕ್ಷರಾನೂ ಅದರದರ ಮನೆಗೆ ನಾನು ಹಾಕಿದ್ದಕ್ಕೆ ನೀವು ನೋಡ್ದೆ ತೆಗೆದ್ರೂ ಸರಿಯಾಗಿ ಬರ್ತಿತ್ತು. ನಾನು ತಪ್ಪು ಹಾಕಿದ್ರೆ ಗೊತ್ತಾಗ್ತಿತ್ತು ನಿಮ್ಮ ವರ!”

ಯಾರೂ ಕೇಳಿ ಹೇಳಿಸಿದ್ದಲ್ಲ. ಹತ್ತು ವರ್ಷದೊಳಗೆ ಏನು, ಹತ್ತು ಸೆಕೆಂಡಿನೊಳಗೆ ಆಡಿದ್ದು. ಇಷ್ಟು ಶುದ್ಧವಾದ ಉದಾಹರಣೆ ಇಡೀ ಸಂಪುಟದಲ್ಲಿ ಇರಲಿಲ್ಲ. ಚೀಟಿಯಕ್ಕನ ಕೈ ಮೊದಲು ಪೆನ್ನಿಗೆ ಹೋಯಿತು. ಅಮ್ಮ ಏನು ಹೇಳಿದಳೆಂಬುದು ತಲೆಗೆ ಹೋದದ್ದು ಅರ್ಧ ವಾಕ್ಯ ಬರೆದ ಮೇಲೆ. ಹೋದದ್ದೇ ತಡ, ಕೈ ನಿಂತಿತು. ಡಬ್ಬಿ, ಮಧ್ಯಾಹ್ನದ ಆ ಗಂಟೆಗಳು, ತಾವು ಆಡಿಕೊಂಡು ನಕ್ಕಿದ್ದು, ಎಷ್ಟು ತಿಕ್ಕಿದರೂ ಹೋಗದಿದ್ದ ಅಮ್ಮನ ಬೆರಳ ತುದಿಯ ಕಪ್ಪು, ಅದನ್ನು ಪಾತ್ರೆಯ ಮಸಿ ಎಂದುಕೊಂಡದ್ದು, ಎಲ್ಲ ಒಟ್ಟಿಗೇ ಬಂದು ಮೇಲೆ ಬಿದ್ದವು. ಪದ ಮೊದಲು, ಅಮ್ಮ ಆಮೇಲೆ. ಆ ಸರದಿಗೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

“ಅಮ್ಮಾ,” ಎಂದಳು, “ಇನ್ನೊಂದ್ಸಲ ಹೇಳ್ತೀಯಾ?”

“ವಾರದಿಂದ ಬಾಯಿ ತೆಗೆದಾಗೆಲ್ಲ ಒಂದ್ನಿಮಿಷ ಇರು ಅಂದೆ. ಈಗ ಒಂದ್ಸಲ ಸಾಲ್ದಾ ನಿನಗೆ?”

ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಕೆಳಕ್ಕೆ ಸರಿದ. “ಹೆಂಗಸ್ರು ಮಾಡೋರು ಆ ಕೆಲಸ,” ಎಂದ. “ಕಟ್ಟೋದು ಕೆಲಸ ಕಣಮ್ಮ. ಬಿಚ್ಚೋದು ಏನು ಮಹಾ? ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.”

“ದೊಣ್ಣೆ ಒಡೆದ ಮಡಕೆ ಮತ್ತೆ ಮಣ್ಣಾಗುತ್ತಾ?” ಅಮ್ಮ ಮಾತ್ರೆಯ ಡಬ್ಬಿ ಮುಚ್ಚಿದಳು. “ನಾನು ಬಿಚ್ಚಿದ್ದು ಮಾರನೇ ದಿನ ನಿಮ್ಮ ಕೈಗೆ ಅಕ್ಷರವಾಗೇ ಬರ್ತಿತ್ತು. ಆ ದಿನ ನೆನಪಿದೆಯಾ? ಳ?”

ಅಪ್ಪ ನಗಬಾರದೆಂದು ನೋಡಿದ, ಆಗಲಿಲ್ಲ. ಅವನ ಹೊಟ್ಟೆಯೆಲ್ಲ ಕುಲುಕಿತು. ಕಥೆ ಹೊರಬಂತು. ಯಾವುದೋ ಜಗಳವಾಗಿ ಅಪ್ಪ ಊಟದ ಡಬ್ಬಿಯನ್ನು ತೆರೆಯದೆ ವಾಪಸು ಕಳಿಸಿದ್ದ. ಅಮ್ಮ ಆ ಮಧ್ಯಾಹ್ನ ಲ-ಗಳನ್ನೆಲ್ಲ ಳ-ದ ಮನೆಗೆ, ಳ-ಗಳನ್ನೆಲ್ಲ ಲ-ದ ಮನೆಗೆ ಹಂಚಿಟ್ಟು ಬಂದಳು. ಮರುದಿನ ಅಪ್ಪ ಕಟ್ಟಿದ ಎಂಟು ಪುಟವೂ ತೊದಲಿತು. ‘ಬೆಲೆ’ ಹೋಗಿ ‘ಬೆಳೆ’, ‘ಕೇಳಿ’ ಹೋಗಿ ‘ಕೇಲಿ’. ಅಪ್ಪ ಬೆಳಿಗ್ಗೆಯೇ ಕುಡಿದು ಬಂದಿದ್ದಾನೆಂದು ಪ್ರೆಸ್ಸಿಗೆ ಪ್ರೆಸ್ಸೇ ನಂಬಿತು. ಹದ್ದೊಬ್ಬನಿಗೆ ಮಾತ್ರ ಗುಟ್ಟು ತಿಳಿಯಿತು. ಅವನು ಅಮ್ಮನ ಹತ್ತಿರ ಬಂದು, ‘ತಾಯೀ, ಅವರ ಮೇಲಿನ ಸಿಟ್ಟನ್ನ ನನ್ನ ಕಣ್ಣಿಗೆ ಹಾಕ್ಬೇಡಿ’ ಎಂದು ಕೈಮುಗಿದನಂತೆ.

“ಎಷ್ಟು ವರ್ಷ ಮಾಡಿದೆಯಮ್ಮ?”

“ನೀನು ಒಂದನೇ ಕ್ಲಾಸಿಗೆ ಸೇರಿದ ವರ್ಷ ಶುರು. ಪ್ರೆಸ್ಸು ಮುಚ್ಚೋ ತನಕ.”

“ಮತ್ತೆ ನಮಗೆ ಯಾಕೆ ಹೇಳ್ಲಿಲ್ಲ?”

“ಹೇಳೋದೇನು? ಚೆನ್ನಾಗಿ ಡಿಸ್ಟ್ರಿಬ್ಯೂಟ್ ಮಾಡಿದ್ರೆ ಮಾಡಿದ್ದೇ ಕಾಣ್ಬಾರ್ದು. ಅದು ಅಂಥ ಕೆಲಸ,” ಎಂದು ಅಮ್ಮ ಮಂಡಿ ಹಿಡಿದುಕೊಂಡು ಏಳಹೋದಳು. ಈ ಸಲ ಚೀಟಿಯಕ್ಕ ಅಮ್ಮನನ್ನು ಹಿಡಿದು ಎಬ್ಬಿಸಿ, ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಚೀಟಿ ತೆಗೆದಳು. ಹನ್ನೊಂದು ವರ್ಷದ ವೃತ್ತಿಯಲ್ಲಿ ಮೊದಲ ಬಾರಿಗೆ ಬರೆಯುವಾಗ ಅವಳ ಅಕ್ಷರ ಸೊಟ್ಟಗಾಯಿತು.

ನಾಲ್ಕೂವರೆಗೆ ಚೀಟಿ ಕತ್ತರಿ ಸಾಹೇಬರ ಮೇಜಿನ ಮೇಲಿತ್ತು. ಅವರು ಓದಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು.

“ವಾಕ್ಯ ಚಿನ್ನದಂಥದ್ದು,” ಎಂದರು. ಅವರ ಬಾಯಿಂದ ಹನ್ನೊಂದು ವರ್ಷದಲ್ಲಿ ಬಂದ ಮೊದಲ ಹೊಗಳಿಕೆ ಅದು. “ಯಾರು ಹೇಳಿದ್ದು? ತಾಯಿಯವರು. ಇವರು ಆ ಪ್ರೆಸ್ಸಿನಲ್ಲಿದ್ರು ಅನ್ನೋದಕ್ಕೆ ಪುರಾವೆ?”

ಕೈಯಲ್ಲಿ ಪುರಾವೆ ಇರಲಿಲ್ಲ. ಪ್ರೆಸ್ಸಿನ ಹಳೆಯ ಹಾಜರಿ ಪುಸ್ತಕಗಳು ನಿಘಂಟು ಕಚೇರಿಯ ಕಪಾಟಿನಲ್ಲೇ ಇದ್ದವು, ಚೀಟಿಯಕ್ಕನೇ ರದ್ದಿಯವನಿಂದ ಬಿಡಿಸಿ ತಂದದ್ದು. ಕಾಲು ಗಂಟೆಯೊಳಗೆ ಅವಳೂ ಸಾಹೇಬರೂ ಸೇರಿ ಮೂವತ್ತೊಂದು ವರ್ಷವನ್ನು ಮಗುಚಿ ಹಾಕಿದರು. ಪ್ರತಿ ಪುಟದಲ್ಲೂ ಅಪ್ಪನ ಹೆಸರಿತ್ತು, ಹದ್ದಿನ ಹೆಸರಿತ್ತು, ಕಸ ಗುಡಿಸುವವನ ಹೆಸರೂ ಇತ್ತು. ಅಮ್ಮನದು ಇರಲಿಲ್ಲ. ಊಟದ ಡಬ್ಬಿ ತಂದವರ ಹೆಸರನ್ನು ಯಾವ ಹಾಜರಿ ಪುಸ್ತಕ ಬರೆಯುತ್ತದೆ?

“ಕಸುಬಿನ ಅರ್ಥಕ್ಕೆ ಗೃಹಿಣಿಯ ಮಾತು ನಡೆಯೋದಿಲ್ಲ,” ಎಂದರು ಸಾಹೇಬರು. ದನಿಯಲ್ಲಿ ಬೇಸರವಿತ್ತು, ನಿಜಕ್ಕೂ ಇತ್ತು. “ನಿಯಮ ನೀವೇ ಮಾಡಿದ್ದು. ಇದನ್ನೊಂದು ಸಡಿಲ ಮಾಡಿದ್ರೆ ನಾಳೆ ಪ್ರೊಫೆಸರ್ ತಮ್ಮ ಬ್ಲೀಡನ್ನ ಮತ್ತೆ ಎತ್ಕೊಂಡು ಬರ್ತಾರೆ. ಒಂದು ದಾರಿ ಇದೆ. ಹೇಳಿದವರು ಅನ್ನೋ ಕಡೆ ನಿಮ್ಮ ತಂದೆಯವರನ್ನ ಹಾಕಿ. ಅವರ ಪುರಾವೆ ಇದೆ. ವಾಕ್ಯ ಉಳಿಯುತ್ತೆ, ಅರ್ಥ ಉಳಿಯುತ್ತೆ. ಮನೆಯೊಳಗಿನ ಮಾತು, ಯಾರು ಹೇಳಿದ್ರೇನು?”

ತಾವೇ ತೋಡಿದ ಹಳ್ಳ ಎಷ್ಟು ಆಳವಿದೆ ಎಂಬುದು ಅದರೊಳಗೆ ಬಿದ್ದವರಿಗೇ ಚೆನ್ನಾಗಿ ಗೊತ್ತು. ಅವಳು ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅಪ್ಪ. ವಿಷಯ ಕೇಳಿ, “ಹಾಕು ಬಿಡಮ್ಮ, ಅದಕ್ಕೇನಂತೆ. ಮನೆ ಮಾತು ತಾನೆ. ಪುಸ್ತಕ ಬಂದಾಗ ಒಂದು ಪ್ರತಿ ಟೈಲರಿಗೂ ಕೊಡೋಣ,” ಎಂದು ಸಂತೋಷದಿಂದ ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ತನ್ನ ತಟ್ಟೆಗೆ ಬಿದ್ದದ್ದನ್ನು ಯಾರು ಬಡಿಸಿದರೆಂದು ಕೇಳುವ ಅಭ್ಯಾಸ ಅವನಿಗೆ ಇರಲಿಲ್ಲ, ಅಷ್ಟೆ. ಅಮ್ಮನಿಗೆ ಕೊಡಿ ಎಂದಳು ಮಗಳು.

“ಹಾಕ್ಕೋ,” ಎಂದಳು ಅಮ್ಮ, ಪೂರ್ತಿ ಕೇಳಿದ ಮೇಲೆ. “ಇದೇ ಮೊದಲಾ?”

ಚೀಟಿಯಕ್ಕ ಫೋನಿಟ್ಟಳು. ಗಡಿಯಾರದಲ್ಲಿ ಐದಕ್ಕೆ ಆರು ನಿಮಿಷ. ಕೆಳಗೆ ಅಚ್ಚಿನ ಮನೆಯ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಸಾಹೇಬರು ಅವಳ ಕಡೆಗೆ ಪೆನ್ನು ಚಾಚಿದರು. ಬರೆಯಬೇಕಾದದ್ದು ಒಂದೇ ಹೆಸರು, ಅದೂ ಚಿಕ್ಕಂದಿನಿಂದ ಎಲ್ಲ ಅರ್ಜಿಗಳಲ್ಲಿ ‘ತಂದೆಯ ಹೆಸರು’ ಎಂದು ಕಣ್ಣು ಮುಚ್ಚಿಕೊಂಡು ಬರೆದದ್ದು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಚೀಟಿಯನ್ನು ಎರಡು ಮಡಿಕೆ ಮಾಡಿ ರವಿಕೆಯೊಳಗೆ ಸಿಕ್ಕಿಸಿಕೊಂಡಳು.

“ಕತ್ತರಿಸಿಬಿಡಿ ಸಾರ್,” ಎಂದಳು.

ಸಾಹೇಬರು ಐದನೆಯ ಅರ್ಥದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಅವರ ಕೈ ಅಷ್ಟು ನಿಧಾನವಾಗಿ ಗೆರೆ ಎಳೆದದ್ದನ್ನು ಕಚೇರಿಯಲ್ಲಿ ಯಾರೂ ನೋಡಿರಲಿಲ್ಲ.

ಮೂರು ತಿಂಗಳ ಮೇಲೆ ಸಂಪುಟ ಬಂತು. ಅವಳು ಒಂದು ಪ್ರತಿ ಹೊತ್ತುಕೊಂಡು ತಮ್ಮನ ಮನೆಗೆ ಹೋದಳು. ಈಗೀಗ ವಾರಕ್ಕೆ ಎರಡು ಸಲ ಹೋಗುತ್ತಿದ್ದಳು, ಬರೀ ಕೈಯಲ್ಲಿ. ಅಪ್ಪ ನಿದ್ದೆಯಲ್ಲಿದ್ದ. ಅಮ್ಮ ಕೈ ಒರೆಸಿಕೊಂಡು ಬಂದು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಆ ಪುಟ ತೆಗೆಸಿದಳು. ಅರ್ಥದ ಮೇಲೆ ಅರ್ಥ ಬೆರಳಿಟ್ಟು ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಮುಂದಿನ ಪದ ಶುರುವಾಗಿತ್ತು.

“ನಮ್ಮದು ಬಂದಿಲ್ಲ.”

“ಇಲ್ಲಮ್ಮ. ಅಪ್ಪನ ಹೆಸರು ಹಾಕಿದ್ರೆ ಬರ್ತಿತ್ತು.”

“ಹಾಕ್ಲಿಲ್ವಾ?”

“ಇಲ್ಲ.”

ಅಮ್ಮ ನಾಲ್ಕನೆಯ ಅರ್ಥದ ಕೆಳಗಿನ ಖಾಲಿ ಜಾಗವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದಳು. ಅವಳ ಮುಖದಲ್ಲಿ ಮೆಲ್ಲಗೆ ಮೂಡಿದ ನಗುವನ್ನು ಮಗಳು ಅದುವರೆಗೆ ಕಂಡಿರಲಿಲ್ಲ.

“ನನ್ನ ಕೆಲಸ ಇವರ ಹೆಸರಲ್ಲಿ ಅಚ್ಚಾಗದೆ ಇದ್ದಿದ್ದು ಇದೇ ಮೊದಲು ಕಣೇ,” ಎಂದಳು.